ಅಕ್ಕನ ಪರವಾಗಿ ಪಟ್ಟಣ ನೋಡಿದ್ದು

ನಮ್ಮ ಹಿತ್ತಲ ಗೋಡೆಗೆ ಒಂದು ಮೊಳೆ ಇದೆ. ಅದರಲ್ಲಿ ಈಗ ಏನೂ ಇಲ್ಲ. ಈಚಿನವರೆಗೂ ಅಲ್ಲಿ ಒಂದು ಖಾಕಿ ಬಟ್ಟೆಯ ಕೈಚೀಲ ತೂಗುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜಲು ಹೋದಾಗ ಆ ಖಾಲಿ ಮೊಳೆ ಕಣ್ಣಿಗೆ ಬೀಳುತ್ತದೆ, ಬ್ರಷ್ಷು ಬಾಯಲ್ಲಿರುವಾಗಲೇ ನಗು ಬಂದು ನೊರೆಯೆಲ್ಲ ಬನಿಯನ್ನಿನ ಮೇಲಾಗುತ್ತದೆ. ನನ್ನಾಕೆ ಅಡುಗೆಮನೆಯ ಕಿಟಕಿಯಿಂದ ನೋಡಿ ಒಲೆಯ ಕಡೆ ತಿರುಗುತ್ತಾಳೆ. ರಿಟೈರಾದ ಗಂಡಸರು ಒಂಟಿಯಾಗಿ ನಗುವುದು ಅವಳಿಗೆ ಅಭ್ಯಾಸವಾಗಿದೆ.

ಚೀಲ ಬಹಳ ಒಳ್ಳೆಯದು. ನಾನು ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ದಪ್ಪ ಬಟ್ಟೆ ಕೊಂಡು ಹೊಲಿಸಿದ್ದು. ಕೈಹಿಡಿ ಕಿತ್ತಿಲ್ಲ, ಬಣ್ಣ ಮಾಸಿಲ್ಲ. ಆದರೂ ಅದು ಒಮ್ಮೆಯೂ ಹೊಸ್ತಿಲು ದಾಟಿ ಮನೆಯೊಳಗೆ ಬಂದಿಲ್ಲ. ಏಕೆಂದರೆ ಅದು ಪಟ್ಟಣದ ಚೀಲ.

ಪಟ್ಟಣ ಎಂದರೆ ಶ್ರೀರಂಗಪಟ್ಟಣ. ರಾಜರು ಆಳಿದ್ದು, ಆಮೇಲೆ ಸುಲ್ತಾನರು ಆಳಿದ್ದು, ಕೋಟೆ ಕಟ್ಟಿದ್ದು, ಕೋಟೆ ಮುರಿದದ್ದು ಎಲ್ಲವೂ ಪಾಠದ ಪುಸ್ತಕದಲ್ಲಿದೆ. ದೂರದೂರದ ಜನ ಟೋಪಿ ಹಾಕಿಕೊಂಡು ಅದನ್ನು ನೋಡಲು ಬರುತ್ತಾರೆ. ನಮ್ಮ ಮನೆತನಕ್ಕೆ ಮಾತ್ರ ಅದು ಸತ್ತ ಮೇಲೆ ಹೋಗುವ ಊರು. ಅಲ್ಲಿ ಹೊಳೆ ಒಂದಿಷ್ಟು ದೂರ ಪಶ್ಚಿಮಕ್ಕೆ ತಿರುಗುತ್ತದೆ, ಅಸ್ಥಿ ಅಲ್ಲೇ ಬಿಡಬೇಕು ಎಂದು ಯಾವ ಕಾಲದಲ್ಲೋ ಯಾರೋ ಹಿರಿಯರು ಹೇಳಿದ್ದಾರೆ. ಹೇಳಿದವರ ಬೂದಿಯೂ ಅಲ್ಲಿಗೇ ಹೋಗಿರಬೇಕು. ಹೀಗಾಗಿ ನಮ್ಮ ಕಡೆ "ಪಟ್ಟಣಕ್ಕೆ ಹೋಗಿದ್ದೆ" ಎಂದರೆ "ಏನೇನು ನೋಡಿದೆ" ಎಂದು ಯಾರೂ ಕೇಳುವುದಿಲ್ಲ. "ಯಾರು ಓದ್ರು?" ಎಂದು ಹೋದವರ ಹೆಸರು ಕೇಳುತ್ತಾರೆ.

ಈ ಕೆಲಸ ನನಗೆ ಅಂಟಿಕೊಂಡದ್ದು ತಾತ ತೀರಿಕೊಂಡಾಗ. ಮನೆಯಲ್ಲಿ ಬಸ್ಸಿನ ಬೋರ್ಡು ಓದಲು ಬರುತ್ತಿದ್ದವನು ನಾನೊಬ್ಬನೇ ಎಂದು ಜತೆಗೆ ಕರೆದುಕೊಂಡು ಹೋದರು. ಆಮೇಲೆ ಅಪ್ಪ, ದೊಡ್ಡಪ್ಪ, ಅತ್ತೆಯಂದಿರು, ಅವರ ಕಡೆಯವರು. ನನಗೆ ಬಸ್ಸಿನ ವೇಳೆ ಗೊತ್ತು, ಪುರೋಹಿತರು ಗೊತ್ತು, ಯಾವ ಮೆಟ್ಟಿಲು ಜಾರುತ್ತದೆ ಎಂಬುದೂ ಗೊತ್ತು. ಮದುವೆಗೆ ಕರೆಯಲು ಮರೆತ ನೆಂಟರು ಇದಕ್ಕೆ ಮಾತ್ರ ಮರೆಯುತ್ತಿರಲಿಲ್ಲ. ಹೀಗೆ ಕರೆದಾಗ ನನಗೂ ಒಳಗೊಳಗೇ ಒಂದು ಜಂಬ ಇತ್ತೆಂದರೆ ನೀವು ತಪ್ಪು ತಿಳಿಯಬಾರದು. ಮನುಷ್ಯನಿಗೆ ಯಾವುದರಲ್ಲಾದರೂ ಹೆಸರು ಬೇಕು.

ಯಳಂದೂರಿನ ಸೋದರಮಾವನ ಪ್ರಯಾಣ ಮಾತ್ರ ಮರೆಯುವಂತಿಲ್ಲ. ಅವನಿಗೆ ಬದುಕಿರುವ ತನಕ ಬಸ್ಸೆಂದರೆ ಆಗದು. ಹತ್ತಿದ ಕೂಡಲೇ ಹೊಟ್ಟೆ ತೊಳಸುತ್ತಿತ್ತು, ಅದಕ್ಕೇ ಯಳಂದೂರಿನಿಂದ ಕೊಳ್ಳೇಗಾಲಕ್ಕೂ ಸೈಕಲ್ಲಿನಲ್ಲಿ ಬರುತ್ತಿದ್ದ. ಅವನ ಅಸ್ಥಿಯ ಮಡಕೆಯನ್ನು ಚೀಲದಲ್ಲಿಟ್ಟುಕೊಂಡು ಹೊರಟಾಗ ಅವನ ಹೆಂಡತಿ ಅಳುವುದನ್ನು ನಿಲ್ಲಿಸಿ, "ಕಿಟ್ಕಿ ಪಕ್ಕ ಕೂರ್ಸ್ಕೊಪ್ಪ" ಎಂದಳು. ನಾನು ಹಾಗೇ ಮಾಡಿದೆ. ಮೈಸೂರಿನವರೆಗೂ ಗಾಳಿ ಬರಲೆಂದು ಗಾಜು ತೆರೆದೇ ಇಟ್ಟಿದ್ದೆ.

ಇದಕ್ಕೆಲ್ಲ ಕಟ್ಟುಪಾಡುಗಳಿವೆ. ಆ ಚೀಲ ಹಿಡಿದವನನ್ನು "ಎಲ್ಲಿಗೆ" ಎಂದು ಕೇಳುವಂತಿಲ್ಲ. ಎದುರಾದವರು ಮಾತಾಡಿಸದೆ ಪಕ್ಕಕ್ಕೆ ಸರಿದು ನಿಲ್ಲಬೇಕು. ಹೋದವನು ಅತ್ತಿತ್ತ ನೋಡಬಾರದು. ಸೂತಕ ಇರುವುದರಿಂದ ದೇವಸ್ಥಾನದ ಒಳಗೆ ಕಾಲಿಡುವ ಹಾಗಿಲ್ಲ, ಇನ್ನು ಅರಮನೆ ನೋಡಲು ಹೋದರೆ ಜನ ಉಗಿಯುತ್ತಾರೆ. ಹೊಳೆಯಲ್ಲಿ ಮುಳುಗಿ, ಬಟ್ಟೆ ಬದಲಿಸಿ, ಸೀದಾ ಮನೆಗೆ. ಅಲ್ಲೂ ಹಿತ್ತಲಲ್ಲಿ ತಲೆಗೆ ನೀರು ಸುರಿಸಿಕೊಂಡೇ ಒಳಗೆ ಬರಬೇಕು. ಅಷ್ಟು ಸಲ ಹೋಗಿಬಂದರೂ ನಾನು ಆ ಊರಿನಲ್ಲಿ ಕಂಡದ್ದು ಒಂದು ಹೊಳೆ, ಒಂದಿಷ್ಟು ಮೆಟ್ಟಿಲು, ಮುಂದೆ ನಡೆಯುತ್ತಿದ್ದವರ ಬೆನ್ನು.

ಇದು ನನಗೆ ಕೊರತೆ ಎಂದು ಅನ್ನಿಸಿರಲೂ ಇಲ್ಲ. ಕೊರತೆ ಎಂದು ತೋರಿಸಿಕೊಟ್ಟವಳು ಅಕ್ಕ.

ಅಕ್ಕ ಪುಟ್ಟತಾಯಮ್ಮ ನನಗಿಂತ ಬಹಳ ದೊಡ್ಡವಳು. ಅವ್ವನಿಗೆ ಹೊಲದ ಕೆಲಸ, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದ್ದು ಇವಳೇ. ಕೊಳ್ಳೇಗಾಲದ ಪಕ್ಕದ ನಮ್ಮೂರು ಮುಳ್ಳೂರಿನ ಹೊಳೆಯಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿತ್ತು, ಈಗಲೂ ಇದೆ. ಅವಳು ಒಗೆಯುತ್ತಿದ್ದರೆ ನಾನು ಪಕ್ಕದಲ್ಲಿ ಮೊಣಕಾಲು ನೀರಿನಲ್ಲಿ ನಿಂತು ಸೋಪಿನ ನೊರೆಯ ಜತೆ ಆಡುತ್ತಿದ್ದೆ. ಮೇಲಿನಿಂದ ಒಂದು ಚೆಂಡುಹೂವು, ಅರ್ಧ ಹೋಳು ಕಾಯಿ, ಬಾಳೆದಿಂಡು ತೇಲಿ ಬಂದರೆ ಅಕ್ಕ ಒಗೆಯುವುದನ್ನು ಬಿಟ್ಟು, "ಪಟ್ಟಣದಿಂದ ಬಂದದೆ ಕಣ್ಲಾ" ಅನ್ನುತ್ತಿದ್ದಳು. ಒಮ್ಮೆ ಮರದ ಬೊಂಬೆಯ ಕೈಯೊಂದು ಬಂದಿತ್ತು. ಅದು ರಾಜರ ಮನೆಯ ಮಗು ಆಡಿದ್ದು ಎಂದು ಅವಳು ಹೇಳಿದಳು, ನಾನು ಬಹಳ ದಿನ ನಂಬಿದ್ದೆ.

ಅವಳು ಹುಟ್ಟಿದ್ದೂ ಮುಳ್ಳೂರು, ಕೊಟ್ಟಿದ್ದೂ ಮುಳ್ಳೂರಿಗೇ, ಮೂರು ಬೀದಿ ಆಚೆ. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ನಾಲ್ಕು ಜನ ಹಿರಿಯರು ಹೋಗಿ ಗಂಡಿನ ಮನೆ ನೋಡಿ ಬರುತ್ತಾರೆ. ಅಟ್ಟದಲ್ಲಿ ರಾಗಿ ಇದೆಯೇ, ಕೊಟ್ಟಿಗೆಯಲ್ಲಿ ದನ ಇವೆಯೇ, ನೀರು ಹತ್ತಿರವೇ ಎಂದು ನೋಡಿಯೇ ತಾಂಬೂಲ ತೆಗೆದುಕೊಳ್ಳುವುದು. ಅಕ್ಕನ ಮದುವೆಯಲ್ಲಿ ಮಾತ್ರ, ದಿನಾ ಕಾಣುವ ಮನೆಯನ್ನು ಏನು ನೋಡುವುದು ಎಂದು ಯಾರೂ ಹೋಗಲಿಲ್ಲ. ಹೊಕ್ಕ ಮೇಲೆ ತಿಳಿಯಿತು, ಆ ಮನೆಯ ಹಿತ್ತಲಲ್ಲಿ ಬಾವಿ ಇರಲಿಲ್ಲ. ನಲ್ಲಿ ಬರುವ ತನಕ ಅಕ್ಕ ಹೊಳೆಯಿಂದ ನೀರು ಹೊತ್ತಳು. ಈಗಲೂ ನಡೆಯುವಾಗ ಅವಳ ಕತ್ತು ಒಂದು ಕಡೆ ವಾಲುತ್ತದೆ.

ಈಚೆಗೆ ಅಕ್ಕನಿಗೆ ಜ್ವರ ಬಂತು. ಹೋಗಿಬಿಡುತ್ತಾಳೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಅವಳು ಎದ್ದು ಕೂತು ಗಂಜಿ ಕುಡಿದು, ನೋಡಲು ಹೋದ ನನ್ನನ್ನು ಹತ್ತಿರ ಕರೆದಳು.

"ಲೇ, ಪಟ್ಟಣ ಎಂಗದ್ಲಾ?"

"ಎಂಗದೆ ಅಂದ್ರೆ? ಒಳೆ ಅದೆ, ಮೆಟ್ಲು ಅದೆ."

"ಅದ್ನ ನಮ್ಮೂರಲ್ಲೇ ಕಂಡಿವ್ನಿ. ಮಿಕ್ಕಿದ್ದ ಯೋಳು."

"ಮಿಕ್ಕಿದ್ದು ನಾನ್ ನೋಡಿಲ್ಲ ಕಣಕ್ಕ."

ಅವಳು ಗಂಜಿಯ ಲೋಟ ಕೆಳಗಿಟ್ಟಳು. "ಎಮ್ಮೆ ಕೊಳ್ಳಕ್ಕೆ ಓದ್ರೂ ಕೊಟ್ಗೆ ನೋಡ್ತೀವಿ. ಎಣ್ಣು ಕೊಡ್ಬೇಕಾದ್ರೆ ಮನೆ ನೋಡ್ತೀವಿ. ನನ್ನ ತಕಂಡೋಗಿ ಬುಟ್ಬುಡೋ ಊರ ಯಾರೂ ನೋಡಿಲ್ಲ ಅಂದ್ರೆ ಎಂಗ್ಲಾ? ಆ ಸಲ್ವೂ ಯಾರೂ ನೋಡ್ನಿಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ. ಕಣ್ಣಲ್ಲಿ ನೀರಿತ್ತು, ಆದರೆ ದನಿ ಗಟ್ಟಿಯಾಗಿಯೇ ಇತ್ತು. ಅಕ್ಕನಿಗೆ ಭಯವಾಗಿದೆ ಎಂದು ನನಗೆ ಆಗ ಹೊಳೆಯಿತು. ಸಾಯುವುದಕ್ಕಲ್ಲ, ಗೊತ್ತಿಲ್ಲದ ಊರಿಗೆ ಹೋಗುವುದಕ್ಕೆ.

"ಈಗ ಎಂಗಸ್ರಿಗೆ ಬಸ್ಸು ಪುಕ್ಸಟ್ಟೆ ಕಣಕ್ಕ. ನೀನೇ ಬಾ, ಒಟ್ಗೆ ನೋಡ್ಕಂಡ್ ಬರಣ" ಎಂದೆ.

"ನಾನು ಒಂದೇ ಸಲ ಓಗದು. ಕರ್ಯಾಕ್ ಮುಂಚೆ ಊಟಕ್ಕೆ ಓಗಿ ಕೂರಕ್ಕಾದದಾ? ನೀನ್ ಓಗು. ನೆಳ್ಳು ಅದಾ, ಜನ ಓಡಾಡ್ತಾರಾ, ಬ್ಯಾಸ್ರ ಆಯ್ತದಾ, ಎಲ್ಲಾ ನೋಡ್ಕಂಡ್ ಬಾ. ನನ್ ಮಗನ್ನ ಕಳಿಸ್ಬ್ಯಾಡ. ಅವ್ನು ಬಸ್ ಅತ್ತಿದ್ರೆ ನಿದ್ದೆ ಮಾಡ್ತನೆ. ನಾಳೆ ನನ್ನ ಬಸ್ಸಲ್ಲೇ ಬುಟ್ಟು ಇಳ್ಕಂಡನು."

ಆ ದಿನವೇ ತೀರ್ಮಾನ ಮಾಡಿದೆ. ಹೋಗುವುದು, ಒಬ್ಬನೇ ಹೋಗುವುದು, ಇಡೀ ದಿನ ಸುತ್ತಿ ಆ ಊರನ್ನು ಮನೆ ನೋಡುವ ಹಾಗೆ ನೋಡಿ ಬರುವುದು. ಎಲ್ಲ ಮುಗಿಯುವವರೆಗೆ ಸ್ನಾನಘಟ್ಟದ ಕಡೆ ತಲೆಹಾಕಬಾರದು ಎಂದೂ ನನಗೆ ನಾನೇ ಆಣೆ ಹಾಕಿಕೊಂಡೆ. ಮಾರುಕಟ್ಟೆಯ ಕೆಲಸದಲ್ಲಿ ಇಷ್ಟು ಗಟ್ಟಿ ನಿರ್ಧಾರ ತೆಗೆದುಕೊಂಡಿದ್ದರೆ ಬಡ್ತಿ ಸಿಗುತ್ತಿತ್ತೇನೋ.

ಹೊರಡುವ ಬೆಳಿಗ್ಗೆ ಮನೆಯ ಇನ್ನೊಂದು ಚೀಲದ ಜಿಪ್ಪು ಕಿತ್ತುಹೋಗಿತ್ತು. ಮೊಳೆಯಲ್ಲಿದ್ದ ಖಾಕಿ ಚೀಲ ತೆಗೆದುಕೊಂಡೆ. ನನ್ನಾಕೆ ಬಾಗಿಲಿಗೆ ಅಡ್ಡ ಬಂದಳು.

"ಅದ್ಬೇಡ ಕಣ್ರಿ. ಪ್ಲಾಸ್ಟಿಕ್ ಕವರಾದ್ರೂ ತಕಂಡೋಗಿ."

"ಚೀಲ ಏನ್ ತಪ್ಪು ಮಾಡದೆ? ಅದೂ ಒಂದಿನ ಊರು ನೋಡ್ಲಿ" ಎಂದೆ. ಹಟ ಹಿಡಿದವನಿಗೆ ಎಲ್ಲದರಲ್ಲೂ ಹಟವೇ. ಅವಳು ಪುಳಿಯೋಗರೆಯ ಡಬ್ಬಿಯನ್ನು ಚೀಲದೊಳಗೆ ಇಡಲು ಒಪ್ಪದೆ ಬೇರೆಯಾಗಿ ಕೈಗೆ ಕೊಟ್ಟಳು.

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಮೈಸೂರು ಬಸ್ಸು ಹತ್ತುವಾಗ ಹನೂರಿನ ಬಸ್ಸಿನಿಂದ ಮಾದೇಗೌಡ ಇಳಿದ. ಇವನು ಅಕ್ಕನ ಗಂಡನ ಚಿಕ್ಕಪ್ಪನ ಮಗ, ಹನೂರಿನ ಕಡೆ ನೆಂಟರಿಗೆಲ್ಲ ಹಿರಿಯ. ನನ್ನನ್ನು ನೋಡಿದ, ಚೀಲ ನೋಡಿದ, ಹೆಗಲ ಮೇಲಿನ ಟವಲು ತೆಗೆದು ಪಕ್ಕಕ್ಕೆ ಸರಿದು ತಲೆ ತಗ್ಗಿಸಿ ನಿಂತ. ನಾನು ನಕ್ಕರೂ ನಗಲಿಲ್ಲ. ಇವನಿಗೆ ಮತ್ತೆ ಯಾವುದಕ್ಕೋ ಸಿಟ್ಟು ಬಂದಿದೆ ಎಂದುಕೊಂಡು ಕಿಟಕಿ ಪಕ್ಕದ ಸೀಟು ಹಿಡಿಯಲು ಓಡಿದೆ. ಅವನಿಗೆ ಸಿಟ್ಟು ಬರಲು ಕಾರಣವೇನೂ ಬೇಕಿಲ್ಲ, ನೆಂಟರ ಮನೆಯ ಸಾರಿನಲ್ಲಿ ಉಪ್ಪು ಕಡಿಮೆಯಾದರೂ ಅವನು ಅದನ್ನು ಅವಮಾನದ ಲೆಕ್ಕಕ್ಕೆ ಸೇರಿಸುತ್ತಾನೆ.

ಮೈಸೂರಿನಲ್ಲಿ ಬಸ್ಸು ಬದಲಿಸಿ ಪಟ್ಟಣದಲ್ಲಿ ಇಳಿದೆ. ಆಟೋ ಹತ್ತಿ "ಹೊರಡಪ್ಪ" ಎಂದದ್ದಷ್ಟೇ. ಆಟೋದವನು ಚೀಲವನ್ನು ಕನ್ನಡಿಯಲ್ಲಿ ನೋಡಿ, ರೇಡಿಯೋ ಆರಿಸಿ, ಏನೂ ಕೇಳದೆ ಸೀದಾ ಸ್ನಾನಘಟ್ಟದ ದಾರಿ ಹಿಡಿದ. ನಾನು ಅವನ ಭುಜ ತಟ್ಟಿ ಅರಮನೆಗೆ ಹೋಗಬೇಕು ಎಂದೆ.

"ಕಾರ್ಯ ಮುಗಿಸ್ಕೊಂಡು ಓಗ್ಬೋದು ಸಾ."

"ಕಾರ್ಯ ಇಲ್ಲಪ್ಪ. ಊರು ನೋಡೋಕ್ ಬಂದಿದ್ದೀನಿ."

"ಒಬ್ರೇನಾ?"

"ಒಬ್ನೇ."

ಅವನು ಆಟೋ ತಿರುಗಿಸಿದ. ಆದರೂ ರೇಡಿಯೋ ಹಾಕಲಿಲ್ಲ. ದುಃಖದಲ್ಲಿ ತಲೆ ಕೆಟ್ಟವರನ್ನು ಅವನು ಮುಂಚೆಯೂ ನೋಡಿರಬೇಕು.

ದರಿಯಾ ದೌಲತ್ ಅರಮನೆಯ ಬಾಗಿಲಲ್ಲಿ ಚೀಲ ತೆರೆದು ತೋರಿಸಬೇಕಾಯಿತು. ಕಾವಲಿಗಿದ್ದ ಹೆಂಗಸು ಕೈ ಹಾಕಿ ಒಂದು ಪಂಚೆ ತೆಗೆದಳು, ಒಂದು ಕರ್ಪೂರದ ಪೊಟ್ಟಣ ತೆಗೆದಳು, ತಳದಲ್ಲಿ ಕಾಗದದಲ್ಲಿ ಸುತ್ತಿದ್ದ ಎಳ್ಳು ತೆಗೆದಳು. ಹಿಂದಿನ ಸಲದ್ದು, ಹಾಗೇ ಉಳಿದಿತ್ತು. ಅವಳ ಮುಖ ಮೆತ್ತಗಾಯಿತು.

"ಎಲ್ಲಾ ಮುಗೀತಾ ಅಣ್ಣ?"

"ಯಾರೂ ಸತ್ತಿಲ್ಲ ಕಣಮ್ಮ."

"ಮತ್ತೆ ಎಳ್ಳು?"

ಸಾಲಿನಲ್ಲಿ ಹಿಂದೆ ನಿಂತವರು ಗೊಣಗತೊಡಗಿದ್ದರಿಂದ ಅವಳು ಎಳ್ಳನ್ನು ಒಳಗೆ ಹಾಕಿ ನನ್ನನ್ನು ಬಿಟ್ಟಳು. ಫೋಟೋ ತೆಗೆಯುವಂತಿಲ್ಲ ಎಂದು ಮಾತ್ರ ಎರಡು ಸಲ ಹೇಳಿದಳು.

ಒಳ್ಳೆಯದೇ ಆಯಿತು. ಫೋಟೋ ತೆಗೆಯುವಂತಿದ್ದರೆ ತೆಗೆದು ಜೇಬಿಗೆ ಹಾಕಿಕೊಂಡು ಮುಂದೆ ಹೋಗಿಬಿಡುತ್ತಿದ್ದೆ. ಈಗ ಅಕ್ಕನಿಗೆ ಬಾಯಲ್ಲಿ ಹೇಳಬೇಕಲ್ಲ, ಒಂದೊಂದು ಗೋಡೆಯ ಮುಂದೆಯೂ ಪಾಠ ಒಪ್ಪಿಸುವವನ ಹಾಗೆ ನಿಂತೆ. ಗೋಡೆ ತುಂಬ ಚಿತ್ರ. ಬೆರಳು ಇಡಲು ಜಾಗವಿಲ್ಲದಷ್ಟು ಆನೆ, ಕುದುರೆ, ಕತ್ತಿ ಹಿಡಿದವರು. ಯುದ್ಧದ ನಡುವೆ ಒಬ್ಬ ದೊರೆ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದಾನೆ. ಗೂಡಿನ ಹರಾಜಿನಲ್ಲಿ ದರ ಬಿದ್ದಾಗ ವ್ಯಾಪಾರಿಗಳು ಹೀಗೇ ಬೆರಳು ಕಚ್ಚುತ್ತಿದ್ದರು. ಕಾಲೇಜಿನ ಹುಡುಗಿಯರ ಗುಂಪೊಂದು ನನ್ನನ್ನು ಸುತ್ತುಹಾಕಿಕೊಂಡು ಹೋಯಿತು, ವಾಪಸು ಬರುವಾಗಲೂ ನಾನು ಅದೇ ಗೋಡೆಯ ಮುಂದಿದ್ದೆ. ಒಬ್ಬಳು ಇನ್ನೊಬ್ಬಳಿಗೆ "ಹಿಸ್ಟರಿ ಮೇಷ್ಟ್ರು ಇರ್ಬೇಕು" ಎಂದಳು. ಎದೆ ಉಬ್ಬಿಸಿಕೊಂಡು ಇನ್ನೂ ಸ್ವಲ್ಪ ಹೊತ್ತು ನಿಂತೆ.

ಅಲ್ಲಿಂದ ಗುಂಬಜ್. ಕರಿಯ ಕಲ್ಲಿನ ಕಂಬಗಳು ನೀರು ಹಾಕಿ ಒರೆಸಿದ ಹಾಗೆ ಹೊಳೆಯುತ್ತಿದ್ದವು. ಸುಲ್ತಾನರು ಒಳಗೆ ಮಲಗಿದ್ದಾರೆ, ಹೊರಗೆ ಹುಲ್ಲಿನ ಮೇಲೆ ಜನ ಊಟ ಬಿಚ್ಚಿಕೊಂಡು ಕೂತಿದ್ದಾರೆ. ಮಕ್ಕಳು ಓಡುತ್ತಿದ್ದವು, ಯಾರೂ ಗದರುತ್ತಿರಲಿಲ್ಲ. ಅಕ್ಕನ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಸಮಾಧಾನವಾಯಿತು. ಇಲ್ಲಿ ಜನ ಓಡಾಡುತ್ತಾರೆ, ಚೆನ್ನಾಗಿಯೇ ಓಡಾಡುತ್ತಾರೆ. ಅಲ್ಲಿಂದ ಆಚೆ ಫೋಟೋಗೆ ತಡೆ ಇರಲಿಲ್ಲ, ಮುರಿದ ಕೋಟೆಗೋಡೆ, ನೆಲದಡಿಯ ಸೆರೆಮನೆ, ಎಲ್ಲದರ ಫೋಟೋ ಹಿಡಿಯುತ್ತ ಹೋದೆ. ಸೆರೆಮನೆಯ ಕಲ್ಲಿನಲ್ಲಿ ಕೈದಿಗಳನ್ನು ಕಟ್ಟುತ್ತಿದ್ದ ತೂತುಗಳಿವೆ. ಇದನ್ನು ಅಕ್ಕನಿಗೆ ಹೇಳಬಾರದು ಎಂದುಕೊಂಡೆ. ಮನೆ ನೋಡಲು ಹೋದ ಹಿರಿಯರೂ ಎಲ್ಲವನ್ನೂ ಹೇಳುವುದಿಲ್ಲ. ಅಷ್ಟು ಹೊತ್ತಿಗೆ ಫೋನು ಬ್ಯಾಟರಿ ಮುಗಿದು ಕಪ್ಪಾಯಿತು.

ರಂಗನಾಥನ ಗೋಪುರದ ಕೆಳಗೆ ಬಂದಾಗ ಒಂದು ವಿಚಿತ್ರ ನಡೆಯಿತು. ಹೊಸ್ತಿಲ ಹತ್ತಿರ ಕಾಲು ನಿಂತುಬಿಟ್ಟಿತು. ಆ ಗೋಪುರವನ್ನು ದೂರದಿಂದ ಎಷ್ಟೋ ಸಲ ನೋಡಿ ಮುಖ ತಿರುಗಿಸಿಕೊಂಡು ಹೋಗಿದ್ದೇನೆ. ಇವತ್ತು ನನಗೆ ಸೂತಕವಿಲ್ಲ, ಸ್ನಾನ ಮಾಡಿದ್ದೇನೆ, ಯಾರ ಬೂದಿಯೂ ನನ್ನ ಕೈಯಲ್ಲಿಲ್ಲ. ಆದರೂ ಕಾಲು ಏಳಲಿಲ್ಲ. ತಾತ, ಅಪ್ಪ, ಕಿಟಕಿ ಪಕ್ಕ ಕೂತು ಬಂದ ಮಾವ, ಎಲ್ಲರನ್ನೂ ಇಲ್ಲಿಯವರೆಗೆ ತಂದು ಈ ಬಾಗಿಲು ತೋರಿಸದೆ ಹಿಂದಕ್ಕೆ ಹೋದೆನಲ್ಲ ಎಂದು ದುಃಖ ಒತ್ತಿಕೊಂಡು ಬಂತು. ಹಿಂದಿದ್ದ ಯಾರೋ "ನಡೀರಿ ಯಜಮಾನ್ರೇ" ಎಂದು ಬೆನ್ನಿಗೆ ಕೈ ಹಾಕಿ ತಳ್ಳಿದರು. ಒಳಗೆ ಹೋದೆ. ದೇವರು ಮಲಗಿದ್ದ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಅವನ ಪಾದ ಕಂಡಿತು, ಆಮೇಲೆ ಮುಖ. ನಾನು ನನ್ನ ಹೆಸರು ಹೇಳಲಿಲ್ಲ, ಪುಟ್ಟತಾಯಮ್ಮ ಎಂದು ಹೇಳಿ ಅರ್ಚನೆ ಮಾಡಿಸಿದೆ.

ಕಡೆಯದಾಗಿ ಆಣೆಯನ್ನು ಬಿಡಿಸಿಕೊಂಡು ಹೊಳೆಗೆ ಬಂದೆ. ಪ್ರತಿ ಸಲ ಇಳಿಯುವ ಜಾರುವ ಮೆಟ್ಟಿಲು ಬಿಟ್ಟು ಮೇಲಿನ ಮೆಟ್ಟಿಲಲ್ಲಿ ಕೂತು ಪುಳಿಯೋಗರೆ ಡಬ್ಬಿ ತೆರೆದೆ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅಲ್ಲಿ ತಲೆ ಎತ್ತಿ ನೋಡಿದೆ. ದೊಡ್ಡದೊಂದು ಅರಳಿಮರವಿತ್ತು. ಅದು ಯಾವಾಗಲೂ ಅಲ್ಲೇ ಇದ್ದಿರಬೇಕು. ನೆರಳು ನೀರಿನವರೆಗೂ ಚಾಚಿತ್ತು. ಆಚೆ ಮೆಟ್ಟಿಲಲ್ಲಿ ಒಂದು ಸಂಸಾರ ತಲೆ ಬೋಳಿಸಿಕೊಂಡು ಅಳುತ್ತಿತ್ತು, ಈಚೆ ಮೆಟ್ಟಿಲಲ್ಲಿ ಇಬ್ಬರು ಹೆಂಗಸರು ಬಟ್ಟೆ ಒಗೆಯುತ್ತ ಯಾರದೋ ಸೊಸೆಯನ್ನು ಬಯ್ಯುತ್ತಿದ್ದರು. ಬಾಡಿಗೆ ಮನೆ ನೋಡಲು ಹೋದವನ ಹಾಗೆ ಬೇಸರವಾಗುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಲು ಸುಮ್ಮನೆ ಕೂತೆ. ಸೊಸೆಯ ಕಥೆ ಪೂರ್ತಿ ಕೇಳಿದೆ. ಬೇಸರವಾಗಲಿಲ್ಲ. ಅಕ್ಕ ಇದ್ದಿದ್ದರೆ ನಡುವೆ ಎರಡು ಮಾತು ಸೇರಿಸುತ್ತಿದ್ದಳು.

ಪರಿಚಯದ ಪುರೋಹಿತರು ನನ್ನನ್ನು ಕಂಡು ಪಂಚೆ ಸರಿಮಾಡಿಕೊಂಡು ಬಂದರು. "ಕೊಳ್ಳೇಗಾಲದವರೇ, ಈ ಸಲ ಯಾರು?"

"ಯಾರೂ ಇಲ್ಲ ಸ್ವಾಮಿ. ಸುಮ್ಮನೆ ಕೂತಿದ್ದೀನಿ."

ಅವರು ಅನುಮಾನದಿಂದ ಚೀಲ ನೋಡಿದರು. "ಸುಮ್ಮನೆ ಇಲ್ಲಿಗೆ ಯಾರೂ ಬರೋದಿಲ್ಲವಲ್ಲ" ಎಂದು ಹೇಳಿ, ನನ್ನ ಪಕ್ಕದಲ್ಲೇ ಕೂತು ಒಂದು ಹಿಡಿ ಪುಳಿಯೋಗರೆ ಕೈಗೆ ಹಾಕಿಸಿಕೊಂಡರು.

ಕೊಳ್ಳೇಗಾಲಕ್ಕೆ ಮರಳಿದಾಗ ಹೊತ್ತು ಇಳಿಯುತ್ತಿತ್ತು. ಮನೆಗೆ ಹೋಗದೆ ನೇರ ಮುಳ್ಳೂರಿನ ಆಟೋ ಹತ್ತಿದೆ. ನೋಡಿದ್ದು ಮರೆಯುವುದರೊಳಗೆ ಅಕ್ಕನಿಗೆ ಹೇಳಿಬಿಡಬೇಕೆಂಬ ಆತುರ. ದಾರಿಯುದ್ದಕ್ಕೂ ನೆರಳು, ಜನ, ಮಲಗಿದ ದೇವರು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಅಕ್ಕನ ಬೀದಿಗೆ ತಿರುಗಿದವನು ನಿಂತೆ. ಅವಳ ಮನೆಯ ಮುಂದೆ ಒಂದು ಲಗೇಜು ಆಟೋ ನಿಂತಿತ್ತು. ಅಂಗಳದ ತುಂಬ ಜನ, ಬಾಗಿಲ ಬಳಿ ಚಪ್ಪಲಿಯ ರಾಶಿ. ಗಂಡಸರು ತಲೆಗೆ ಟವಲು ಸುತ್ತಿ ಗೋಡೆಗೆ ಒರಗಿ ಕೂತಿದ್ದರು. ಹೊರಗಿನ ಒಲೆಯ ಮೇಲೆ ದೊಡ್ಡ ಪಾತ್ರೆ. ಎಲ್ಲಿ ನೋಡಿದರೂ ಹನೂರಿನ ಕಡೆಯ ಮುಖಗಳು. ನಮ್ಮ ಕಡೆ ಅಷ್ಟು ಜನ ಸುಮ್ಮನೆ ಬಂದು ಕೂರುವುದಿಲ್ಲ.

ನನ್ನ ಕೈಯಿಂದ ಚೀಲ ಬಿತ್ತು. ನಾನು ಊರು ನೋಡಿ ಬರುವಷ್ಟರಲ್ಲಿ ಅವಳು ಹೊರಟೇಬಿಟ್ಟಿದ್ದಳು. ಏನೂ ಕೇಳಿಸಿಕೊಳ್ಳದೆ, ಈ ಸಲವೂ ಮನೆ ಹೇಗಿದೆ ಎಂದು ಗೊತ್ತಿಲ್ಲದೆಯೇ ಹೋದಳು. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಕೇಳಿದ ಒಂದೇ ಒಂದು ಕೆಲಸವನ್ನು ಅರ್ಧ ದಿನ ತಡವಾಗಿ ಮಾಡಿದೆನಲ್ಲ ಎಂದು ಅಲ್ಲೇ ಬೀದಿಯ ಕಲ್ಲಿನ ಮೇಲೆ ಕುಸಿದು ಕೂತು ಅತ್ತೆ. ನಾಚಿಕೆ ಬಿಟ್ಟು ದನಿ ತೆಗೆದೇ ಅತ್ತೆ.

ಒಳಗಿನಿಂದ ದನಿಯೊಂದು ಬಂತು. "ಮುದ್ದೆ ಸಾಲ್ದು ಕಣವ್ವ, ಇನ್ನೊಂದ್ ಎಸ್ರು ಇಡು. ಯಾರ್ಲಾ ಅದು ಆಚೆ ಅಳ್ತಾ ಇರದು? ಇನ್ನೂ ಒಬ್ಬ ಬಂದ್ನಾ?"

ಕತ್ತು ವಾಲಿಸಿಕೊಂಡು ಅಕ್ಕ ಬಾಗಿಲಿಗೆ ಬಂದಳು. ನನ್ನನ್ನು ನೋಡಿ, "ನೀನಾ? ನೀನೂ ಅತ್ಬುಟ್ರೆ ಮುಗೀತು" ಎಂದಳು.

ನಡೆದದ್ದು ಇಷ್ಟು. ಬಸ್ ನಿಲ್ದಾಣದಲ್ಲಿ ನನ್ನ ಕೈಯಲ್ಲಿ ಪಟ್ಟಣದ ಚೀಲ ಕಂಡ ಮಾದೇಗೌಡ, ಜ್ವರದಲ್ಲಿದ್ದ ಪುಟ್ಟತಾಯಮ್ಮ ಹೋಗಿದ್ದಾಳೆ, ಸಂಸ್ಕಾರವೂ ಮುಗಿದಿದೆ, ಅಸ್ಥಿಯೂ ಹೊರಟಿದೆ, ಹನೂರಿನವರಿಗೆ ಮಾತ್ರ ಸುದ್ದಿ ಮುಟ್ಟಿಸಿಲ್ಲ ಎಂದು ತಿಳಿದ. ಸಾವಿಗಿಂತ ದೊಡ್ಡದು ಸಾವಿನ ಸುದ್ದಿ ಮುಟ್ಟಿಸದಿರುವುದು. ಫೋನು ಮಾಡಿ ಕೇಳಿದರೆ ತಾನು ಸಣ್ಣವನಾಗುತ್ತೇನೆಂದು ಕೇಳಲೂ ಇಲ್ಲ. ಹನೂರಿಗೆ ವಾಪಸು ಹೋಗಿ ನೆಂಟರನ್ನೆಲ್ಲ ಆಟೋದಲ್ಲಿ ತುಂಬಿಕೊಂಡು, ಅರ್ಧ ಅಳಲು ಅರ್ಧ ಜಗಳಕ್ಕೆ ಸಿದ್ಧವಾಗಿ ಬಂದ. ಅವನ ಹೆಂಡತಿ ಬೀದಿ ತುದಿಯಲ್ಲೇ ಎದೆ ಬಡಿದುಕೊಂಡು ಶುರುಮಾಡಿದಳಂತೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ, ಯಾರ ಮನೆಯಲ್ಲಿ ಸಾವಾಯಿತೆಂದು ತಾನೂ ಎದ್ದು ನೋಡಿದಳಂತೆ.

"ಒಂದ್ ಮಾತು ಕೇಳ್ಬಾರ್ದಾಗಿತ್ತಾ ಗೌಡ, ಬಸ್ಟ್ಯಾಂಡಲ್ಲಿ?" ಎಂದೆ ಕಣ್ಣೊರೆಸಿಕೊಳ್ಳುತ್ತ.

"ಆ ಚೀಲ ಇಡ್ದೋನ್ನ ಕೇಳ್ತಾರೇನ್ಲಾ? 'ಎಲ್ಲಿಗೆ' ಅನ್ನಂಗದಾ? ನೀನೇ ಯೋಳು." ಕೇಳಬಾರದು ಎಂಬುದು ನಾನೇ ಅವನಿಗೆ ಒಮ್ಮೆ ಹೇಳಿಕೊಟ್ಟ ಕಟ್ಟುಪಾಡು.

"ಕೇಳ್ದಿದ್ದೂ ಒಳ್ಳೇದಾಯ್ತು ಬುಡು" ಎಂದಳು ಅಕ್ಕ. "ಬಂದೋರು ಬಂದವ್ರೆ, ಉಂಡ್ಕಂಡೋಗ್ಲಿ. ತಿಥಿ ಊಟದಲ್ಲಿ ನಾನ್ ಬಡ್ಸಕ್ಕಾಯ್ತಿತ್ತಾ?"

ಊಟವಾದ ಮೇಲೆ ಅವಳು ನನ್ನನ್ನು ಜಗಲಿಯ ಮೇಲೆ ಕೂರಿಸಿದಳು. ಎಲ್ಲರೂ ಸುತ್ತ ಬಂದು ಕೂತರು. ಅವರಲ್ಲಿ ಪಟ್ಟಣಕ್ಕೆ ಹೋಗದ ಗಂಡಸು ಒಬ್ಬನೂ ಇರಲಿಲ್ಲ, ಪಟ್ಟಣ ನೋಡಿದವನೂ ಒಬ್ಬನೂ ಇರಲಿಲ್ಲ. ನಾನು ಹೇಳುತ್ತ ಹೋದೆ. ಗೋಡೆಯ ಆನೆ ಕುದುರೆಗಳು, ಬೆರಳು ಕಚ್ಚುವ ದೊರೆ, ಹೊಳೆಯುವ ಕಂಬಗಳು, ಹುಲ್ಲಿನ ಮೇಲಿನ ಮಕ್ಕಳು.

"ದೇವ್ರು?"

"ದೇವ್ರು ಮಲ್ಗವ್ನೆ ಅಕ್ಕ."

"ದೇವ್ರೇ ಮಲ್ಗವ್ನೆ ಅಂದ್ರೆ ಮಲ್ಗಕ್ಕೆ ಒಳ್ಳೇ ಜಾಗವೇಯ." ಅವಳು ಎಲೆಗೆ ಸುಣ್ಣ ಹಚ್ಚಿದಳು. "ನೆಳ್ಳು?"

"ಅಳ್ಳಿಮರ ಅದೆ. ನೆಳ್ಳು ನೀರ್ಗಂಟ ಬತ್ತದೆ. ಬಟ್ಟೆ ಒಗ್ಯೋ ಎಂಗಸ್ರು ಅವ್ರೆ, ಮಾತಾಡ್ತಾ ಇರ್ತಾರೆ. ಬ್ಯಾಸ್ರ ಆಗಲ್ಲ."

"ನೀರ್ಗೆ ದೂರ ಓಗ್ಬೇಕಾ?"

"ನೀರಲ್ಲೇ ಬುಡದು ಕಣಕ್ಕ." ಎಲ್ಲರೂ ನಕ್ಕರು. ಅಕ್ಕನೂ ಮೊದಲ ಸಲ ನಕ್ಕಳು. ಆಮೇಲೆ ಎಲೆಯನ್ನು ಬಾಯಿಗಿಡದೆ ಕೈಯಲ್ಲೇ ಮಡಚಿಕೊಂಡಳು.

"ಅಲ್ಲಿ ಬುಟ್ಮೇಲೆ ನಾನ್ ಅಲ್ಲೇ ಇರ್ತೀನಾ?"

ಇದನ್ನು ನಾನು ಯೋಚಿಸಿರಲಿಲ್ಲ. "ನೀರು ನಿಲ್ತದಾ ಅಕ್ಕ? ಮುಂದುಕ್ ಓಯ್ತದೆ. ತಿರುಮಕೂಡ್ಲು ಸಿಗ್ತದೆ, ಅಲ್ಲಿ ಇನ್ನೊಂದ್ ಒಳೆ ಸೇರ್ಕತದೆ. ಆಮೇಲೆ ತಲಕಾಡು, ಮರಳು. ಆಮೇಲೆ..." ಎಂದು ನಿಲ್ಲಿಸಿದೆ.

"ಆಮೇಲೆ ನಮ್ ಬಟ್ಟೆ ಒಗ್ಯೋ ಕಲ್ಲು" ಎಂದಳು ಅಕ್ಕ.

ಮಾದೇಗೌಡ ತಲೆಯ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಬೀದಿಯಲ್ಲಿ ಬಿದ್ದಿದ್ದ ನನ್ನ ಚೀಲವನ್ನು ಯಾರೋ ತಂದು ಅಂಗಳದ ಅಂಚಿನಲ್ಲಿ ಇಟ್ಟಿದ್ದರು. ಅಕ್ಕ ಎದ್ದು ಹೋಗಿ ಅದನ್ನು ಎತ್ತಿಕೊಂಡಳು, ಧೂಳು ಕೊಡವಿದಳು, ಎಲ್ಲರೂ ನೋಡುತ್ತಿದ್ದಂತೆ ಹೊಸ್ತಿಲು ದಾಟಿ ಒಳಗೆ ಒಯ್ದು ತನ್ನ ಸೀರೆಗಳ ಪಕ್ಕದ ಗೂಟಕ್ಕೆ ನೇತುಹಾಕಿದಳು.

"ಇದು ಇಲ್ಲೇ ಇರ್ಲಿ. ಇಲ್ದೆ ಓದ್ರೆ ಇದ ಇಡ್ಕಂಡು ಇನ್ನೊಂದ್ ಸಲ ಸಾಯಿಸ್ಬುಟ್ಟೀಯ." ವಾಪಸು ಬಂದು ನನ್ನ ಪಕ್ಕದಲ್ಲಿ ಕೂತು, ಮೊಣಕಾಲು ನೀವಿಕೊಂಡು, ಕೊನೆಗೂ ಎಲೆ ಬಾಯಿಗಿಟ್ಟಳು. "ಓಗಾಗ ನೀನ್ ಜೊತೇಲಿ ಬಾ. ಬರಾಗ ನಾನೊಬ್ಳೇ ಬತ್ತೀನಿ. ದಾರಿ ಗೊತ್ತಾಯ್ತಲ್ಲ."